ಇದು ಯಾರ ಪಾಠಾಂತರ?

ನಮ್ಮ ಸಂಗೀತಗಾರರ ನಡುವೆ ಬಳಕೆಯಲ್ಲಿರುವ ಒಂದು ಮಾತು ನನಗೆ ಬಹಳ ಪ್ರಿಯವಾದುದು. ಒಬ್ಬರು ಕೃತಿಯೊಂದನ್ನು ಹಾಡಿ ಮುಗಿಸಿದಾಗ, ಕೇಳಿದ ಹಿರಿಯರು ಮೆಚ್ಚುಗೆಯ ಮಾತಾಡುವುದಕ್ಕೂ ಮೊದಲು "ಇದು ಯಾರ ಪಾಠಾಂತರ?" ಎಂದು ವಿಚಾರಿಸುತ್ತಾರೆ. ಕೃತಿಯನ್ನು ರಚಿಸಿದವರು ಯಾರೆಂಬುದು ಎಲ್ಲರಿಗೂ ಗೊತ್ತೇ ಇರುತ್ತದೆ. ಅವರು ಕೇಳುವುದು ಅದನ್ನಲ್ಲ. ಅದು ಯಾವ ಗುರುವಿನ ಬಾಯಿಂದ ಯಾವ ಶಿಷ್ಯನ ಕಿವಿಗೆ ಬಿದ್ದು, ಎಷ್ಟು ಕೈ ದಾಟಿ ಇಲ್ಲಿಗೆ ಬಂದಿತೆಂಬುದನ್ನು. ಮನುಷ್ಯನಿಗೆ ಗೋತ್ರವಿದ್ದಂತೆ ಹಾಡಿಗೂ ಒಂದು ಗೋತ್ರವುಂಟು. ಅದನ್ನು ಹೇಳಬಲ್ಲವರು ಇರುವವರೆಗೆ ಹಾಡು ಅನಾಥವಲ್ಲ.

ಈ ಪ್ರಶ್ನೆ ನಮ್ಮಲ್ಲಿ ಮಾತ್ರ ಕೇಳಲ್ಪಡುವುದೆಂದು ನಾನು ಬಹುಕಾಲ ತಿಳಿದಿದ್ದೆ. ಡಬ್ಲಿನ್ ನಗರದಲ್ಲಿ ಉದ್ಯೋಗದಲ್ಲಿರುವ ನನ್ನ ತಂಗಿಯ ಮಗ ರಜೆಗೆಂದು ಹೊಸೂರಿಗೆ ಬಂದಿದ್ದಾಗ, ಆ ದೇಶದ ಹಳ್ಳಿಯ ಪಿಟೀಲುಗಾರರ ಧ್ವನಿಮುದ್ರಣಗಳನ್ನು ಕೇಳಿಸಿ, "ದೊಡ್ಡಮ್ಮ, ಇದು ಯಾವ ರಾಗ ಹೇಳಿ ನೋಡೋಣ" ಎಂದ. ಬಾಲ್ಯದಲ್ಲಿ ಕೆಲವು ವರ್ಷ ಪಿಟೀಲು ಕಲಿತವಳೆಂಬ ಕಾರಣಕ್ಕೆ ಮನೆಯಲ್ಲಿ ಇಂಥ ಪರೀಕ್ಷೆಗಳೆಲ್ಲ ನನ್ನ ಪಾಲಿಗೇ ಬರುತ್ತವೆ. ಕೇಳಿದೆ. ಸ್ವರಗಳೇನೋ ನಮ್ಮ ಖರಹರಪ್ರಿಯದವೇ. ಆದರೆ ನಡೆ ಖರಹರಪ್ರಿಯದ್ದಲ್ಲ. ಮತ್ತೊಂದು ಹರಿಕಾಂಭೋಜಿಯ ಸ್ವರಗಳ ಮೇಲೆ ನಿಂತಿತ್ತು, ಇನ್ನೊಂದು ಶಂಕರಾಭರಣದ ಮೇಲೆ. ಪಕ್ಕದೂರಿನಲ್ಲಿ ನಮ್ಮ ನೆಂಟರ ಮುಖಚಹರೆಯುಳ್ಳ ಅಪರಿಚಿತರನ್ನು ಕಂಡಂತಾಯಿತು. ಅಲ್ಲಿಯ ವಾದಕರೂ ಒಂದು ಧಾಟಿಯನ್ನು ನುಡಿಸಿದ ಮೇಲೆ "ಇದು ಇಂಥವರಿಂದ ನನಗೆ ಬಂತು" ಎಂದು ಹೇಳುವುದು ಮರ್ಯಾದೆಯೆಂದು ಅವನಿಂದ ತಿಳಿದಾಗ, ಆ ಅಪರಿಚಿತರ ವಿಷಯವನ್ನು ಅರಿಯಬೇಕೆಂಬ ಆಸೆ ಬಲವಾಯಿತು.

ಪಿಟೀಲು ನಮ್ಮ ದೇಶಕ್ಕೆ ಬಂದದ್ದೇ ಆ ಕಡೆಯಿಂದ. ಮುತ್ತುಸ್ವಾಮಿ ದೀಕ್ಷಿತರ ತಮ್ಮ ಬಾಲುಸ್ವಾಮಿ ದೀಕ್ಷಿತರು ಮದರಾಸಿನಲ್ಲಿದ್ದಾಗ ಐರೋಪ್ಯ ವಾದಕನೊಬ್ಬನಿಂದ ಈ ವಾದ್ಯವನ್ನು ಕಲಿತು, ಅದನ್ನು ಕರ್ನಾಟಕ ಸಂಗೀತಕ್ಕೆ ಒಗ್ಗಿಸಿದರು. ಮಣಲಿಯ ಮೊದಲಿಯಾರರ ಆಶ್ರಯದಲ್ಲಿದ್ದ ಆ ಕುಟುಂಬಕ್ಕೆ ಸೇಂಟ್ ಜಾರ್ಜ್ ಕೋಟೆಯ ಬ್ಯಾಂಡಿನವರು ನುಡಿಸುತ್ತಿದ್ದ ಸಂಗೀತವನ್ನು ಕೇಳುವ ಅವಕಾಶ ದೊರೆತಿತ್ತು. ಹಾಗೆ ಕಿವಿಗೆ ಬಿದ್ದ ಧಾಟಿಗಳಿಗೆ ಮುತ್ತುಸ್ವಾಮಿ ದೀಕ್ಷಿತರು ಸಂಸ್ಕೃತದಲ್ಲಿ ಸಾಹಿತ್ಯ ರಚಿಸಿದರು. ಅವುಗಳೇ ನೊಟ್ಟುಸ್ವರ ಸಾಹಿತ್ಯಗಳು. ಸುಮಾರು ನಲವತ್ತು ಇವೆ. 'ಸಂತತಂ ಪಾಹಿಮಾಂ' ಎಂಬುದು ಇಂಗ್ಲೆಂಡಿನ ರಾಷ್ಟ್ರಗೀತೆಯ ಧಾಟಿ. 'ವಂದೇ ಮೀನಾಕ್ಷಿ' ಎಂಬುದು 'ಲಿಮೆರಿಕ್' ಎಂಬ ಐರಿಷ್ ಧಾಟಿಯೆಂದು ವಿದ್ವಾಂಸರು ಗುರುತಿಸಿದ್ದಾರೆ. ತೆಲುಗಿನ ನಿಘಂಟುಕಾರ ಸಿ. ಪಿ. ಬ್ರೌನನಿಗೆ ಸೇರಿದ 1833ರ ಹಸ್ತಪ್ರತಿಯೊಂದರಲ್ಲಿ ಇಂಥ ಕೆಲವು ರಚನೆಗಳು ಬರೆದಿಡಲ್ಪಟ್ಟಿವೆ. ಹೀಗೆ, ಐರ್ಲೆಂಡಿನ ಒಂದು ಧಾಟಿ ಯಾವನೋ ಬ್ಯಾಂಡಿನವನ ಜೊತೆ ಹಡಗೇರಿ ಬಂದು, ಮಧುರೆಯ ಮೀನಾಕ್ಷಿಯ ಸ್ತುತಿಯಾಗಿ ಇನ್ನೂರು ವರ್ಷಗಳಿಂದ ನಮ್ಮ ಮಕ್ಕಳ ಬಾಯಲ್ಲಿದೆ. ಅದನ್ನು ನುಡಿಸಿದ ಆ ಬ್ಯಾಂಡಿನವನ ಹೆಸರು ಮಾತ್ರ ಉಳಿದಿಲ್ಲ.

ಐರಿಷ್ ಧಾಟಿಯ ಕಟ್ಟಡ ಸರಳವಾದುದು. ಎಂಟು ಮಾತ್ರೆಗಟ್ಟುಗಳ ಒಂದು ಭಾಗ, ಎಂಟರ ಇನ್ನೊಂದು ಭಾಗ. ಒಂದೊಂದನ್ನೂ ಎರಡೆರಡು ಸಲ ನುಡಿಸಿದರೆ ಒಂದು ಸುತ್ತು. ನಮ್ಮ ಪಲ್ಲವಿ, ಅನುಪಲ್ಲವಿಗಳಂತೆ ಮೊದಲ ಭಾಗ ಕೆಳಗಿನ ಸ್ಥಾಯಿಯಲ್ಲಿಯೂ ಎರಡನೆಯದು ಮೇಲಕ್ಕೇರಿಯೂ ನಡೆಯುವುದು ಸಾಮಾನ್ಯ. 'ರೀಲ್' ಎಂಬುದು ತಕಧಿಮಿ ಎಂದು ನಾಲ್ಕರಲ್ಲಿ ಓಡುತ್ತದೆ. 'ಜಿಗ್' ಎಂಬುದು ತಕಿಟ ತಕಿಟ ಎಂದು ಮೂರರಲ್ಲಿ ಕುಣಿಯುತ್ತದೆ. ಇವೆಲ್ಲ ಕುಣಿತಕ್ಕಾಗಿ ಹುಟ್ಟಿದವು. ನಾವು ಪಿಟೀಲಿನ ತಂತಿಗಳನ್ನು ಷಡ್ಜ ಪಂಚಮ ಷಡ್ಜ ಪಂಚಮವೆಂದು ಶ್ರುತಿ ಮಾಡಿ, ನೆಲದ ಮೇಲೆ ಕುಳಿತು, ವಾದ್ಯದ ತುದಿಯನ್ನು ಪಾದದ ಮೇಲೆ ಊರಿ ಗಮಕಕ್ಕೆ ಎಡಗೈಯನ್ನು ಸಡಿಲ ಬಿಡುತ್ತೇವೆ. ಅವರು ಒಂದೊಂದು ತಂತಿಯನ್ನೂ ಹಿಂದಿನ ತಂತಿಯ ಪಂಚಮಕ್ಕೇರಿಸಿ, ಕುರ್ಚಿಯಲ್ಲಿ ಕುಳಿತು, ಕಾಲಿನಿಂದ ನೆಲವನ್ನು ತಟ್ಟುತ್ತ ನುಡಿಸುತ್ತಾರೆ. ಅವರಲ್ಲಿ ನಮ್ಮಂತೆ ದೀರ್ಘ ಗಮಕವಿಲ್ಲ. ಒಂದು ಸ್ವರವನ್ನು ಅದರ ಮೇಲಿನ ಮತ್ತು ಕೆಳಗಿನ ಸ್ವರಗಳಿಂದ ಕ್ಷಣಮಾತ್ರ ಸುತ್ತಿ ಬಿಡುವ ಅಲಂಕಾರಗಳಿವೆ. ಯಾವ ಸ್ವರವನ್ನು ಸುತ್ತಬೇಕು, ಕಮಾನನ್ನು ಎಲ್ಲಿ ತಿರುಗಿಸಬೇಕು ಎಂಬುದೇ ಒಬ್ಬನ ಪಾಠಾಂತರವನ್ನು ಇನ್ನೊಬ್ಬನದರಿಂದ ಬೇರೆ ಮಾಡುತ್ತದೆ.

ಆ ಪರಂಪರೆಯ ವಾದಕರಲ್ಲಿ ನನ್ನ ಮನಸ್ಸನ್ನು ಸೆಳೆದವನು ಪಾಡ್ರಿಗ್ ಓಕೀಫ್. ಕಾರ್ಕ್ ಮತ್ತು ಕೆರ್ರಿ ಜಿಲ್ಲೆಗಳ ಗಡಿಯಲ್ಲಿ ಸ್ಲೀವ್ ಲೂಕ್ರ ಎಂಬ ಬಡ ಗುಡ್ಡಗಾಡು ಸೀಮೆಯಿದೆ. ಅಲ್ಲಿ 1887ರಲ್ಲಿ ಶಾಲಾ ಉಪಾಧ್ಯಾಯನ ಮಗನಾಗಿ ಹುಟ್ಟಿದ ಓಕೀಫ್ ತಾನೂ ಉಪಾಧ್ಯಾಯನಾದ. ಆದರೆ 1920ರ ಸುಮಾರಿಗೆ ಆ ಕೆಲಸ ಹೋಯಿತು. ಮುಂದೆ 1963ರಲ್ಲಿ ತೀರಿಕೊಳ್ಳುವವರೆಗೆ ಹಳ್ಳಿಯಿಂದ ಹಳ್ಳಿಗೆ ನಡೆದು ರೈತರ ಮಕ್ಕಳಿಗೆ ಪಿಟೀಲು ಕಲಿಸುವುದೇ ಅವನ ಬದುಕಾಯಿತು. ಓದು ಬಾರದ ಮಕ್ಕಳಿಗೂ ತಿಳಿಯಲೆಂದು ಅವನು ಬಳಸಿದ ಕ್ರಮ ಸೊಗಸಾದುದು. ಗೆರೆಗಳ ನಡುವಿನ ನಾಲ್ಕು ಎಡೆಗಳೇ ನಾಲ್ಕು ತಂತಿಗಳು. ಅವುಗಳಲ್ಲಿ ಬರೆದ ಅಂಕಿಗಳೇ ಬೆರಳುಗಳು. ಸೊನ್ನೆಯೆಂದರೆ ಬರಿಯ ತಂತಿ, ಒಂದೆಂದರೆ ತೋರುಬೆರಳು. ಹೀಗೆ ಒಂದು ಧಾಟಿಯನ್ನು ಕಾಗದದ ಮೇಲೆ ಬರೆದುಕೊಟ್ಟು, ಎದುರಿಗೆ ನುಡಿಸಿ ತೋರಿಸಿ, ಮುಂದಿನ ಮನೆಗೆ ಹೊರಟುಬಿಡುತ್ತಿದ್ದ. ಅವನ ಶಿಷ್ಯರಾದ ಡೆನಿಸ್ ಮರ್ಫಿ ಮತ್ತು ಅವನ ತಂಗಿ ಜೂಲಿಯಾ ಕ್ಲಿಫರ್ಡ್ ಗುರುವಿನೊಡನೆ ಕುಳಿತು ನುಡಿಸಿದ್ದನ್ನು 1950ರ ದಶಕದ ಆರಂಭದಲ್ಲಿ ಶೇಮಸ್ ಎನ್ನಿಸ್ ಎಂಬ ಸಂಗ್ರಾಹಕ ಬಿ.ಬಿ.ಸಿ.ಗಾಗಿ ಧ್ವನಿಮುದ್ರಿಸಿದ. ಮರ್ಫಿ 1974ರಲ್ಲಿಯೂ ಜೂಲಿಯಾ 1997ರಲ್ಲಿಯೂ ತೀರಿಕೊಂಡರು. ಇಂದಿಗೂ ಆ ಸೀಮೆಯ ಧಾಟಿಯನ್ನು ನುಡಿಸುವವರು ಈ ಮೂವರ ಹೆಸರನ್ನೆತ್ತದೆ ಮುಂದೆ ಹೋಗುವುದಿಲ್ಲ. ಉತ್ತರದ ಡೊನಿಗಾಲ್ ಸೀಮೆಯಲ್ಲಿ ಜಾನಿ ಡೊಹರ್ಟಿ ಎಂಬ ತಗಡಿನ ಕೆಲಸದವನೂ ಹೀಗೆಯೇ ಊರೂರು ತಿರುಗುತ್ತಿದ್ದ. ಎಷ್ಟೋ ಸಲ ಅವನ ಹೆಗಲಲ್ಲಿ ಪಿಟೀಲೂ ಇರುತ್ತಿರಲಿಲ್ಲ. ಹೋದ ಮನೆಯಲ್ಲಿ ಗೋಡೆಗೆ ತೂಗುಹಾಕಿದ್ದ ವಾದ್ಯವನ್ನೇ ಇಳಿಸಿಕೊಂಡು ನುಡಿಸುತ್ತಿದ್ದ.

ಓಕೀಫನ ವೃತ್ತಾಂತವನ್ನು ಓದುವಾಗ ನನಗೆ ಪಾಠ ಹೇಳಿದ ಮೇಷ್ಟ್ರು ನೆನಪಾದರು. ವಾರಕ್ಕೊಮ್ಮೆ ಬೆಂಗಳೂರಿನಿಂದ ಬಸ್ಸಿನಲ್ಲಿ ಬಂದು ಹೊಸೂರಿನ ಮೂರು ನಾಲ್ಕು ಮನೆಗಳಲ್ಲಿ ಪಾಠ ಹೇಳಿ, ಸಂಜೆಯ ಬಸ್ಸಿಗೆ ಹಿಂದಿರುಗುತ್ತಿದ್ದರು. ಪುಸ್ತಕ ತೆರೆದಿಟ್ಟು ನುಡಿಸುವುದನ್ನು ಅವರು ಒಪ್ಪುತ್ತಿರಲಿಲ್ಲ. "ಕಣ್ಣಿಗೆ ಕೆಲಸ ಕೊಟ್ಟರೆ ಕಿವಿ ನಿದ್ದೆ ಮಾಡುತ್ತದಮ್ಮ" ಎನ್ನುತ್ತಿದ್ದರು. ಮೈಸೂರಿನ ಪಿಟೀಲು ಚೌಡಯ್ಯನವರ ಮಾತು ಬಂದರೆ ಅವರಿಗೆ ಪಾಠದ ವೇಳೆಯೇ ಮರೆತುಹೋಗುತ್ತಿತ್ತು. ತಿರುಮಕೂಡಲಿನಲ್ಲಿ 1895ರಲ್ಲಿ ಹುಟ್ಟಿ ಬಿಡಾರಂ ಕೃಷ್ಣಪ್ಪನವರ ಗುರುಕುಲದಲ್ಲಿ ಬೆಳೆದ ಚೌಡಯ್ಯನವರು, ಧ್ವನಿವರ್ಧಕವಿಲ್ಲದ ದೊಡ್ಡ ಸಭೆಗಳ ಕೊನೆಯ ಸಾಲಿಗೂ ನಾದ ಮುಟ್ಟಲೆಂದು ನಾಲ್ಕು ತಂತಿಯ ಪಿಟೀಲಿಗೆ ಏಳು ತಂತಿ ಬಿಗಿದವರು. ಕಲಿಸಿದ ಕೃಷ್ಣಪ್ಪನವರು ಗಾಯಕರು, ಕಲಿತ ಶಿಷ್ಯರು ವಾದಕರು! ಬಾಯಿಯ ಹಾಡು ಕಮಾನಿಗೆ ಇಳಿದ ಬಗೆ ಅದು. ಸಾಹಿತ್ಯದ ಅಕ್ಷರ ಎಲ್ಲಿ ಒಡೆಯುತ್ತದೆಂದು ತಿಳಿಯದವನ ಕಮಾನು ತಪ್ಪಾದ ಎಡೆಯಲ್ಲಿ ತಿರುಗುತ್ತದೆಂಬುದನ್ನು ನಮ್ಮ ಮೇಷ್ಟ್ರು ನೂರು ಸಲ ಹೇಳಿದ್ದಾರು.

ಕಿವಿಯಿಂದ ಕಿವಿಗೆ ಹರಿಯುವ ವಿದ್ಯೆಗೆ ಒಂದು ಭಯ ಯಾವಾಗಲೂ ಇದ್ದೇ ಇದೆ. ನಡುವೆ ಒಂದು ತಲೆಮಾರು ಕಿವಿಗೊಡದಿದ್ದರೆ ಎಲ್ಲವೂ ಮುಗಿಯಿತು. ನಮ್ಮ ಕೃಷ್ಣಗಿರಿಯನ್ನೊಳಗೊಂಡ ಬಾರಾಮಹಲ್ ಸೀಮೆ ಟಿಪ್ಪುವಿನ ಕೈತಪ್ಪಿ ಕಂಪನಿಯವರ ವಶವಾದದ್ದು 1792ರಲ್ಲಿ. ಅದೇ ವರ್ಷದ ಜುಲೈ ತಿಂಗಳಲ್ಲಿ ಐರ್ಲೆಂಡಿನ ಬೆಲ್‌ಫಾಸ್ಟ್ ನಗರದಲ್ಲಿ, ಅಳಿದುಳಿದಿದ್ದ ಹಾರ್ಪ್ ವಾದಕರನ್ನು ಒಂದೆಡೆ ಸೇರಿಸಿದರು. ಬಂದವರಲ್ಲಿ ಅನೇಕರು ಕುರುಡರು. ಒಬ್ಬನಂತೂ ತೊಂಬತ್ತು ದಾಟಿದ ವೃದ್ಧ. ಅವರು ನುಡಿಸಿದ್ದನ್ನು ಬರೆದುಕೊಳ್ಳಲು ನೇಮಕಗೊಂಡ ಎಡ್ವರ್ಡ್ ಬಂಟಿಂಗ್ ಎಂಬ ತರುಣನಿಗೆ ಆಗ ಹತ್ತೊಂಬತ್ತು ವರ್ಷ. ಅವನು ಬರೆಯದಿದ್ದರೆ ಆ ಧಾಟಿಗಳಲ್ಲಿ ಎಷ್ಟೋ ಆ ಮುದುಕರೊಂದಿಗೇ ಮಣ್ಣಾಗುತ್ತಿದ್ದವು.

ನೂರು ವರ್ಷಗಳ ಮೇಲೆ ಇದೇ ಕೆಲಸವನ್ನು ಇನ್ನೂ ದೊಡ್ಡದಾಗಿ ಮಾಡಿದವನು ಒಬ್ಬ ಪೊಲೀಸಿನವನು. ಕಾರ್ಕ್ ಜಿಲ್ಲೆಯಲ್ಲಿ 1848ರಲ್ಲಿ, ಮಹಾಕ್ಷಾಮದ ನಡುವೆ ಹುಟ್ಟಿದ ಫ್ರಾನ್ಸಿಸ್ ಓನೀಲ್ ಹುಡುಗತನದಲ್ಲಿಯೇ ಹಡಗೇರಿ ದೇಶ ಬಿಟ್ಟು, ಕೊನೆಗೆ ಅಮೆರಿಕದ ಶಿಕಾಗೋ ನಗರದಲ್ಲಿ ನೆಲೆಸಿದ. 1901ರಿಂದ 1905ರವರೆಗೆ ಆ ನಗರದ ಪೊಲೀಸ್ ಮುಖ್ಯಾಧಿಕಾರಿಯಾಗಿದ್ದ. ತನ್ನಂತೆಯೇ ವಲಸೆ ಬಂದವರಿಂದ ಊರಿನ ಧಾಟಿಗಳನ್ನು ಸಂಗ್ರಹಿಸುವುದು ಅವನ ಹುಚ್ಚು. ಸ್ವರಲಿಪಿ ಬರೆಯಲು ಅವನಿಗೆ ಬರುತ್ತಿರಲಿಲ್ಲ. ಅವನು ಕೊಳಲಿನಲ್ಲಿ ನುಡಿಸಿ ತೋರಿಸಿದ್ದನ್ನು, ಅದೇ ಇಲಾಖೆಯಲ್ಲಿದ್ದ ಜೇಮ್ಸ್ ಓನೀಲ್ ಎಂಬ ಪಿಟೀಲುಗಾರ ಬರೆದುಕೊಳ್ಳುತ್ತಿದ್ದ. ಹೀಗೆ 1903ರಲ್ಲಿ 1850 ಧಾಟಿಗಳ ಸಂಪುಟವೂ 1907ರಲ್ಲಿ 1001 ನೃತ್ಯಧಾಟಿಗಳ ಇನ್ನೊಂದು ಸಂಪುಟವೂ ಹೊರಬಂದವು. ಇಲ್ಲಿ ನಮ್ಮ ದಕ್ಷಿಣದ ಎಟ್ಟಯಾಪುರದಲ್ಲಿ 1904ರಲ್ಲಿ 'ಸಂಗೀತ ಸಂಪ್ರದಾಯ ಪ್ರದರ್ಶಿನಿ' ಎಂಬ ಮಹಾಗ್ರಂಥ ತೆಲುಗು ಲಿಪಿಯಲ್ಲಿ ಅಚ್ಚಾಯಿತು. ಅದನ್ನು ಬರೆದ ಸುಬ್ಬರಾಮ ದೀಕ್ಷಿತರು ಬೇರಾರೂ ಅಲ್ಲ. ಮೊದಲು ಪಿಟೀಲು ಕಲಿತ ಬಾಲುಸ್ವಾಮಿ ದೀಕ್ಷಿತರ ಮಗಳ ಮಗ, ದತ್ತುಪುತ್ರ. ಒಂದೇ ವರ್ಷದ ಅಂತರದಲ್ಲಿ, ಒಬ್ಬರನ್ನೊಬ್ಬರು ಅರಿಯದ ಇಬ್ಬರು ಹಿರಿಯರು ಭೂಮಿಯ ಎರಡು ಮೂಲೆಗಳಲ್ಲಿ ತಮ್ಮ ಮನೆಯ ಪಾಠಾಂತರವನ್ನು ಕಾಗದಕ್ಕೆ ಒಪ್ಪಿಸಿದರೆಂಬುದು ನನಗೆ ಅಚ್ಚರಿಯ ಸಂಗತಿಯಾಗಿ ತೋರುತ್ತದೆ.

ಆದರೆ ಉಳಿಸುವ ಸಾಧನವೇ ಕೆಲವೊಮ್ಮೆ ಅಳಿಸುವ ಸಾಧನವೂ ಆಗುತ್ತದೆ. ಸ್ಲೈಗೊ ಜಿಲ್ಲೆಯ ಮೈಕೆಲ್ ಕೋಲ್ಮನ್ 1914ರಲ್ಲಿ ಅಮೆರಿಕಕ್ಕೆ ಹೋಗಿ, 1920ರ ದಶಕದಿಂದ ನ್ಯೂಯಾರ್ಕಿನಲ್ಲಿ ಗ್ರಾಮಫೋನ್ ತಟ್ಟೆಗಳಿಗೆ ನುಡಿಸಿದ. ಆ ತಟ್ಟೆಗಳನ್ನು ವಲಸೆಗಾರರು ಊರಿಗೆ ಕಳುಹಿಸಿದರು. ಅವನ ಬೆರಳಿನ ಚಮತ್ಕಾರಕ್ಕೆ ಮರುಳಾದ ಹಳ್ಳಿಯ ವಾದಕರು ಅನೇಕ ಕಡೆಗಳಲ್ಲಿ ತಮ್ಮ ಸೀಮೆಯ ನಡೆಯನ್ನು ಬಿಟ್ಟು ಅವನ ನಡೆಯನ್ನೇ ಹಿಡಿದರು. ಕೋಲ್ಮನ್ ಮಹಾವಾದಕನೆಂಬುದರಲ್ಲಿ ಸಂದೇಹವಿಲ್ಲ. ಆದರೆ ಹತ್ತು ತೊರೆಗಳಿದ್ದಲ್ಲಿ ಒಂದೇ ಹೊಳೆಯಾಯಿತು. ಇದರ ಮೇಲೆ 1935ರಲ್ಲಿ ಸಾರ್ವಜನಿಕ ಕುಣಿತಕ್ಕೆ ಪರವಾನಗಿ ಬೇಕೆಂಬ ಕಾನೂನು ಬಂದು, ಮನೆಯಂಗಳಗಳ ಕುಣಿತವೂ ಕುಗ್ಗಿತು. ಧಾಟಿಯಿದೆ, ಕುಣಿಯುವವರಿಲ್ಲ. ಆಗ 1951ರಲ್ಲಿ ಸಂಗೀತಗಾರರೇ ಒಂದು ಸಂಘ ಕಟ್ಟಿ ವರ್ಷ ವರ್ಷ ಮೇಳ ನಡೆಸತೊಡಗಿದರು. ಕುಣಿತದ ಅಂಗಳ ಹೋದ ಮೇಲೆ ಹಾಡಿಗೆ ಬೇರೊಂದು ಜಗಲಿ ಬೇಕೆಂಬುದನ್ನು ಅವರು ಕಾಲಕ್ಕೆ ಸರಿಯಾಗಿ ಅರಿತರು.

ನಮ್ಮ ಮನೆಗಳ ಕಡೆಗೆ ನೋಡಿದರೂ ಇದೇ ಕತೆ. ಡೆಂಕಣಿಕೋಟೆ, ತಳಿ, ಕೆಲಮಂಗಲ, ಬಾಗಲೂರುಗಳ ಕಡೆಯ ಕನ್ನಡದ ಹೆಂಗಸರಿಗೆ ರಾಗಿ ಬೀಸುವ ಪದ, ಸೋಬಾನೆ, ತೊಟ್ಟಿಲ ಪದಗಳೇ ಸಂಗೀತ ಶಾಸ್ತ್ರ. ಬೀಸುವ ಕಲ್ಲಿನ ಸುತ್ತೇ ಅವರ ತಾಳ. ಈಗ ರಾಗಿ ಗಿರಣಿಗೆ ಹೋಗುತ್ತದೆ. ಕಲ್ಲು ಹಿತ್ತಿಲಲ್ಲಿ ಬಿದ್ದಿದೆ. ಮದುವೆಯ ಮನೆಯಲ್ಲಿ ಆರತಿಯ ಹೊತ್ತಿಗೆ ಸಿನಿಮಾ ಹಾಡು ಮೊಳಗುತ್ತದೆ. ಹಲಸಂಗಿಯ ಗೆಳೆಯರು 1930ರ ದಶಕದಲ್ಲಿಯೇ 'ಗರತಿಯ ಹಾಡು' ಸಂಗ್ರಹಿಸಿ ಕನ್ನಡಕ್ಕೆ ಮಹೋಪಕಾರ ಮಾಡಿದರು. ಆದರೆ ಅಚ್ಚಿನ ಪುಟದಲ್ಲಿ ಉಳಿಯುವುದು ಹಾಡಿನ ಮಾತು; ಅದರ ಧಾಟಿ ಹಾಡಿದವಳ ಗಂಟಲಲ್ಲಿಯೇ ಉಳಿಯುತ್ತದೆ.

ಐರ್ಲೆಂಡಿಗೆ ಒದಗಿದ್ದು ಇದಕ್ಕೆ ತದ್ವಿರುದ್ಧವಾದ ನಷ್ಟ. 1845ರಿಂದ 1852ರವರೆಗಿನ ಕ್ಷಾಮದಲ್ಲಿ ಸುಮಾರು ಹತ್ತು ಲಕ್ಷ ಜನ ಸತ್ತರು; ಅಷ್ಟೇ ಜನ ದೇಶ ಬಿಟ್ಟರು. ಸತ್ತವರಲ್ಲಿಯೂ ಹೋದವರಲ್ಲಿಯೂ ಐರಿಷ್ ನುಡಿಯಾಡುವ ಬಡವರೇ ಬಹಳ. ಉಳಿದವರು ಮಕ್ಕಳ ಹೊಟ್ಟೆಪಾಡಿಗೆಂದು ಇಂಗ್ಲಿಷನ್ನು ಹಿಡಿದರು. ಬಹುಪಾಲು ಸೀಮೆಗಳಲ್ಲಿ ನುಡಿ ಹೋಯಿತು, ಧಾಟಿ ಉಳಿಯಿತು. ಕುಣಿತದ ಧಾಟಿಗೆ ಮಾತಿನ ಹಂಗಿಲ್ಲ, ಸರಿಯೆ. ಆದರೆ ನಿಧಾನಗತಿಯ ಹಾಡುಧಾಟಿಗಳನ್ನು ನುಡಿಸುವವನಿಗೆ ಅಲ್ಲಿಯ ಹಿರಿಯರು ಇಂದಿಗೂ ಹೇಳುವ ಬುದ್ಧಿವಾದವೆಂದರೆ, "ಮೊದಲು ಆ ಹಾಡಿನ ಮಾತನ್ನು ಕಲಿ" ಎಂಬುದು. ಮಾತು ತಿಳಿಯದವನು ಉಸಿರು ತೆಗೆದುಕೊಳ್ಳಬೇಕಾದ ಎಡೆಯನ್ನು ತಪ್ಪುತ್ತಾನೆ. ನಮ್ಮ ಮೇಷ್ಟ್ರು ಕಮಾನಿನ ವಿಷಯವಾಗಿ ಹೇಳುತ್ತಿದ್ದುದೂ ಇದನ್ನೇ. ಮಾತು ಹೋದ ಮೇಲೆ ಧಾಟಿ ಬದುಕಬಹುದು; ಆದರೆ ತನ್ನ ಹೆಸರಿನ ಅರ್ಥ ತಿಳಿಯದ ಮಗುವಿನಂತೆ ಬದುಕುತ್ತದೆ.

ಈ ಮಾತು ನನಗೆ ದೂರದ ದೇಶದ ಕತೆಯಾಗಿ ಕೇಳಿಸದಿರುವುದಕ್ಕೆ ಕಾರಣ ನಮ್ಮ ಮನೆಯಲ್ಲಿಯೇ ಇದೆ. ನನ್ನ ಅತ್ತೆಯವರಿಗೆ ಈಗ ಎಂಬತ್ತೆಂಟು. ತಳಿಯ ಕಡೆಯ ಅವರ ತವರಿನ ಸೋಬಾನೆಯೊಂದಕ್ಕೆ ಎರಡು ಧಾಟಿಗಳುಂಟು. ಹೆಣ್ಣನ್ನು ಮನೆತುಂಬಿಸಿಕೊಳ್ಳುವಾಗ ಒಂದು, ಹೆಣ್ಣನ್ನು ಕಳುಹಿಸಿಕೊಡುವಾಗ ಇನ್ನೊಂದು. ಮಾತು ಒಂದೇ, ಧಾಟಿ ಬೇರೆ. ಈ ಎರಡನೆಯ ಧಾಟಿಯನ್ನು ಬಲ್ಲವರು ನಮ್ಮ ಬಳಗದಲ್ಲಿ ಅವರೊಬ್ಬರೇ. ನನ್ನ ಮೊಮ್ಮಗಳಿಗೆ ಕನ್ನಡ ಮಾತು ಚೆನ್ನಾಗಿ ಬರುತ್ತದೆ. ಶಾಲೆಯಲ್ಲಿ ಕಲಿತದ್ದು ತಮಿಳು ಮತ್ತು ಇಂಗ್ಲಿಷ್ ಅಕ್ಷರ. ಮುತ್ತಜ್ಜಿಯ ಹಾಡನ್ನು ಅವಳು ತಮಿಳು ಅಕ್ಷರದಲ್ಲಿ ಬರೆದುಕೊಂಡಳು. ತಮಿಳಿನಲ್ಲಿ ಕಕಾರ ಗಕಾರಗಳಿಗೆ ಒಂದೇ ಅಕ್ಷರ. ತಕಾರ ದಕಾರಗಳಿಗೂ ಒಂದೇ, ಪಕಾರ ಬಕಾರಗಳಿಗೂ ಒಂದೇ. ಅದು ಆ ಲಿಪಿಯ ದೋಷವಲ್ಲ; ಆ ನುಡಿಗೆ ಅಷ್ಟು ಸಾಕು. ನಮ್ಮ ನುಡಿಗೆ ಸಾಲದು. ಅವಳು ಬರೆದದ್ದನ್ನು ಬೇರೆಯವರು ಓದಿದರೆ 'ಬಾಳೆ' ಎಂಬುದು 'ಪಾಳೆ' ಆಗಬಹುದು, 'ದಾರಿ' ಎಂಬುದು 'ತಾರಿ' ಆಗಬಹುದು. ಆದರೆ ಅವಳು ಹಾಡುವಾಗ ಒಂದು ಅಕ್ಷರವೂ ತಪ್ಪುವುದಿಲ್ಲ. ಏಕೆಂದರೆ ಕಾಗದದ ಮೇಲಿಲ್ಲದ ವ್ಯತ್ಯಾಸವನ್ನು ಅವಳ ಕಿವಿ ಕಾದಿಟ್ಟಿದೆ. ಅವಳ ಬಳಿಕ ಆ ಕಾಗದ ಮಾತ್ರ ಉಳಿದರೆ?

ಅವಳು ಹಾಡನ್ನು ಫೋನಿನಲ್ಲಿ ಮುದ್ರಿಸಿಕೊಂಡು, "ಇನ್ನು ಭಯವಿಲ್ಲ ಮುತ್ತಜ್ಜಿ, ಇದರಲ್ಲಿ ಭದ್ರವಾಗಿದೆ" ಎಂದಳು. ಅತ್ತೆಯವರು ಅದನ್ನು ತಿರುಗಿಸಿ ನೋಡಿ, "ನೀನು ತಪ್ಪು ಹಾಡಿದ್ರೆ ಅದು ತಿದ್ತದೇನೇ, ಮಗಾ?" ಎಂದು ಕೇಳಿದರು. ಅಂದಿನಿಂದ ದಿನವೂ ಸಂಜೆ ದೀಪ ಹಚ್ಚಿದ ಮೇಲೆ ಇಬ್ಬರೂ ಎದುರುಬದುರು ಕುಳಿತುಕೊಳ್ಳುತ್ತಾರೆ. ಮುತ್ತಜ್ಜಿ ಒಂದು ಸೊಲ್ಲು ಹೇಳುತ್ತಾರೆ, ಮರಿಮೊಮ್ಮಗಳು ಒಪ್ಪಿಸುತ್ತಾಳೆ. ತಪ್ಪಿದರೆ ಕೈ ಮೇಲೊಂದು ಮೆಲ್ಲನೆಯ ಏಟು. ನಾನು ಪಿಟೀಲನ್ನು ಇಳಿಸಿ ಆ ಎರಡನೆಯ ಧಾಟಿಯನ್ನು ಸರಿಗಮದಲ್ಲಿ ಬರೆಯತೊಡಗಿದ್ದೇನೆ. ಅದರ ಗಾಂಧಾರ ಯಾವ ಸ್ಥಾನಕ್ಕೂ ಸರಿಯಾಗಿ ಕೂಡುವುದಿಲ್ಲ; ಎರಡರ ನಡುವೆ ಎಲ್ಲಿಯೋ ನಿಲ್ಲುತ್ತದೆ. ಬರೆಯಲಾಗದ ಆ ಗಾಂಧಾರ ಮೊಮ್ಮಗಳ ಕೊರಳಲ್ಲಿ ಮಾತ್ರ ಸರಿಯಾಗಿ ಬಂದಿದೆ. ಜೊತೆಗೆ, ಹಾಡಿನ ಮಾತನ್ನು ಬರೆಯುವುದಕ್ಕೆಂದೇ ಅವಳು ಕನ್ನಡದ ಕಾಗುಣಿತವನ್ನೂ ಹಿಡಿದಿದ್ದಾಳೆ. ಬಕಾರಕ್ಕೂ ಪಕಾರಕ್ಕೂ ಬೇರೆ ಬೇರೆ ಅಕ್ಷರವಿರುವುದು ಎಷ್ಟು ಅನುಕೂಲವೆಂದು ಅವಳಿಗೆ ಯಾರೂ ಉಪದೇಶಿಸಬೇಕಾಗಲಿಲ್ಲ, ಹಾಡೇ ಕಲಿಸಿತು.

ಗಡಿಯೆಂಬುದು ನೆಲದ ಮೇಲೆ ಎಳೆದ ಗೆರೆ. 1792ರಲ್ಲಿ ಎಳೆದರು, 1799ರಲ್ಲಿ ಅಳಿಸಿ ಎಳೆದರು, 1956ರಲ್ಲಿ ಮತ್ತೊಮ್ಮೆ ಎಳೆದರು. ಇದಾವುದೂ ಬೀಸುವ ಪದದ ಧಾಟಿಯನ್ನು ತಡೆಯಲಿಲ್ಲ. ಅದನ್ನು ತಡೆಯಬಲ್ಲುದು ಕಲಿಯದ ಕಿವಿಯೊಂದೇ. ಈ ಪತ್ರಿಕೆಯನ್ನು ಓದುವ ಮನೆಗಳಲ್ಲೆಲ್ಲ ಒಬ್ಬ ಅಜ್ಜಿಯೋ ಅತ್ತೆಯೋ ಸೋದರತ್ತೆಯೋ ಇದ್ದಾರು. ಅವರ ಬಳಿ ಒಂದಾದರೂ ಹಾಡಿದ್ದೀತು. ಅದನ್ನು ಬರೆದಿಡಿರಿ, ಮುದ್ರಿಸಿಡಿರಿ, ಸಂತೋಷ. ಆದರೆ ಅದಕ್ಕೂ ಮೊದಲು ಒಂದು ಮಗುವನ್ನು ಅವರೆದುರು ಕುಳ್ಳಿರಿಸಿರಿ. ತೊಟ್ಟಿಲ ಶಾಸ್ತ್ರದಲ್ಲಿ, ಆರತಿಯ ಹೊತ್ತಿನಲ್ಲಿ ಆ ಮಗುವಿನಿಂದ ಅದನ್ನು ಹಾಡಿಸಿರಿ. ಹಾಡಿ ಮುಗಿದ ಮೇಲೆ ಬಂದ ನೆಂಟರಲ್ಲಿ ಯಾರಾದರೂ "ಯಾರು ಹೇಳಿಕೊಟ್ಟದ್ದಮ್ಮ ಇದು?" ಎಂದು ಕೇಳಿಯೇ ಕೇಳುತ್ತಾರೆ. ಆಗ ಆ ಮಗುವಿನ ಬಾಯಲ್ಲಿ ಬರುವ ಹೆಸರು ನಿಮ್ಮ ಮನೆಯದಾಗಿರಲಿ.